ಯಾವ ಮನೆಗೆ ಯಾವ ಥೆರಪಿ? ಕುಟುಂಬವನ್ನು ಓದಿ ವಿಧಾನ ಆರಿಸಿಕೊಳ್ಳುವ ಬಗೆ

ನಾಲ್ಕು ಕುರ್ಚಿ ಇದ್ದ ಕೋಣೆಗೆ ಏಳು ಜನ ಬಂದರು. ಅಜ್ಜ ಮೊದಲ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ದೊಡ್ಡ ಮಗ. "ಇವನನ್ನೇ ತೋರಿಸೋಕೆ ಬಂದಿದ್ದು" ಅಂತ ಹದಿನಾರು ವರ್ಷದ ಹುಡುಗನನ್ನು ನನ್ನ ಎದುರಿನ ಕುರ್ಚಿಗೆ ಕಳಿಸಿದರು. ನಾಲ್ಕನೆಯ ಕುರ್ಚಿಯ ಮೇಲೆ ಆಸ್ಪತ್ರೆ ಫೈಲು, ಬುತ್ತಿ ಇದ್ದ ಚೀಲ. ಅಜ್ಜಿ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ಹುಡುಗನ ತಾಯಿ ನಿಂತಿದ್ದರು. ನಾನು ಇನ್ನೊಂದು ಕುರ್ಚಿ ತರಿಸಿದೆ. ಅದರಲ್ಲಿ ಚಿಕ್ಕಪ್ಪ ಕೂತರು. ತಾಯಿ ಆಗಲೂ ನಿಂತೇ ಇದ್ದರು.

ಸಮಸ್ಯೆ ಏನು ಅಂತ ಇನ್ನೂ ಯಾರೂ ಹೇಳಿರಲಿಲ್ಲ. ಆದರೆ ಆ ಮನೆ ಹೇಗೆ ನಡೆಯುತ್ತದೆ ಅನ್ನೋದು ಅರ್ಧ ಕಣ್ಣಿಗೆ ಬಿದ್ದಾಗಿತ್ತು.

ಕುಟುಂಬ ಥೆರಪಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನೆಲ್ಲ ನೋಡುತ್ತಿರಲಿಲ್ಲ. ಕಲಿತ ಒಂದು ವಿಧಾನ ಇತ್ತು, ಬಂದವರಿಗೆಲ್ಲ ಅದನ್ನೇ ಬಳಸುತ್ತಿದ್ದೆ. ಕೆಲವರಿಗೆ ಒಗ್ಗಿತು. ಹಲವರು ಎರಡನೇ ಸಲ ಬರಲಿಲ್ಲ. ಬರದೇ ಇದ್ದವರ ಬಗ್ಗೆ ಯೋಚಿಸುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಮನೆಯನ್ನು ಮೊದಲು ಓದಬೇಕು, ವಿಧಾನ ಆಮೇಲೆ. ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಎಂಎಸ್‌ಡಬ್ಲ್ಯೂ, ಮನಶ್ಶಾಸ್ತ್ರ ಓದಿ ಈಗಷ್ಟೇ ಕುಟುಂಬಗಳ ಜೊತೆ ಕೂರಲು ಶುರು ಮಾಡಿರುವ ಕೌನ್ಸೆಲರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಥೆರಪಿಗೆ ಹೋಗುವ ಯೋಚನೆಯಲ್ಲಿರುವ ಮನೆಯವರಿಗೂ ಉಪಯೋಗ ಆಗಬಹುದು. ಇಲ್ಲಿ ಬರುವ ಮನೆಗಳು ಹಲವು ಮನೆಗಳನ್ನು ಬೆರೆಸಿ, ಗುರುತು ಸಿಗದ ಹಾಗೆ ಬದಲಿಸಿ ಬರೆದವು.

ಹೆಜ್ಜೆ 1: ಫೋನ್ ಬಂದಾಗಲೇ ಕಿವಿ ಕೊಡಿ

ಫೋನ್ ಮಾಡಿದ್ದು ಯಾರು ಅಂತ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ನೋವು ಜಾಸ್ತಿ ಇರುವವರು ಫೋನ್ ಮಾಡುತ್ತಾರೆ. ಮನೆಯಲ್ಲಿ ಮಾತು ನಡೆಯುವುದು ಬೇರೆಯವರದ್ದಿರಬಹುದು. ಹಾಗಾಗಿ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಯಾರ್ಯಾರಿದ್ದೀರಿ? ದೊಡ್ಡ ಖರ್ಚು ಬಂದರೆ ಯಾರನ್ನು ಕೇಳಬೇಕು? ಇಲ್ಲಿಗೆ ಬರೋದು ಯಾರಿಗೆ ಇಷ್ಟ ಇಲ್ಲ?

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಇಷ್ಟ ಇಲ್ಲದವರ ಹೆಸರು ಗೊತ್ತಾದರೆ ಅವರನ್ನು ಕರೆಯುವ ರೀತಿಯೇ ಬೇರೆಯಾಗುತ್ತದೆ. "ನೀವು ಬಂದರೆ ನನಗೆ ಮನೆಯ ವಿಷಯ ಸರಿಯಾಗಿ ತಿಳಿಯುತ್ತೆ" ಅಂತ ನೀವೇ ಫೋನ್ ಮಾಡಿ ಹೇಳಿ. ಬೇಡ ಅಂತಿದ್ದ ಎಷ್ಟೋ ಅಪ್ಪಂದಿರು ಇಷ್ಟಕ್ಕೇ ಬಂದಿದ್ದಾರೆ.

ಹೆಜ್ಜೆ 2: ಒಟ್ಟಿಗೆ ಕೂರಿಸಬಹುದೇ ಅಂತ ಮೊದಲು ನೋಡಿ

ಎಲ್ಲ ಮನೆಯನ್ನೂ ಒಂದೇ ಕೋಣೆಯಲ್ಲಿ ಕೂರಿಸಲಾಗದು. ಹೊಡೆತ ಬಡಿತ ಇರುವ ಮನೆಯಲ್ಲಿ ಹೆಂಡತಿ ನಿಮ್ಮ ಮುಂದೆ ಬಾಯಿ ಬಿಟ್ಟರೆ, ರಾತ್ರಿ ಮನೆಯಲ್ಲಿ ಅದರ ಬೆಲೆ ತೆರುವವರು ಅವರು. ಅದಕ್ಕೇ ಮೊದಲ ಭೇಟಿಯಲ್ಲಿ ದೊಡ್ಡವರನ್ನೆಲ್ಲ ಹತ್ತು ನಿಮಿಷವಾದರೂ ಒಬ್ಬೊಬ್ಬರಾಗಿ ನೋಡಿ. "ಎಲ್ಲರನ್ನೂ ಹೀಗೇ ನೋಡೋದು ನಮ್ಮ ಪದ್ಧತಿ" ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ನೇರವಾಗಿ ಕೇಳಿ: "ಮನೆಯಲ್ಲಿ ಯಾರಾದರೂ ಕೈ ಮಾಡ್ತಾರಾ? ಯಾರಿಗಾದರೂ ಹೆದರಿಕೊಂಡು ಬದುಕ್ತಾ ಇದ್ದೀರಾ?"

ಹೌದು ಅಂದರೆ ಜಂಟಿ ಸೆಷನ್ ನಿಲ್ಲಿಸಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ, 181 ಸಹಾಯವಾಣಿ, ಸಖಿ ಮತ್ತು ಸಾಂತ್ವನ ಕೇಂದ್ರಗಳ ಬಗ್ಗೆ ಅವರಿಗೆ ಒಬ್ಬರಿಗೇ ತಿಳಿಸಿ. ಮಕ್ಕಳ ವಿಷಯವಾದರೆ 1098. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮನೆಯವರು ಬೇಡ ಅಂದರೂ ತಿಳಿಸಲೇಬೇಕು. ಪ್ರಾಣ ಕಳೆದುಕೊಳ್ಳುವ ಮಾತು ಯಾರ ಬಾಯಲ್ಲಾದರೂ ಬಂದರೆ ಆ ದಿನ ಬೇರೆಲ್ಲ ಪಕ್ಕಕ್ಕಿಡಿ, ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಒಬ್ಬೊಬ್ಬರಾಗಿ ನೋಡಿದಾಗ ಗುಟ್ಟುಗಳು ಹೊರಬರುತ್ತವೆ. ಯಾವುದು ನಮ್ಮಿಬ್ಬರಲ್ಲೇ ಇರುತ್ತದೆ, ಯಾವುದು ಇರಲಾರದು ಅಂತ ಮೊದಲೇ ಹೇಳಿಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಯವರ ಗೌಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. "ನಮ್ಮ ಹುಡುಗ ನಿಮ್ಮ ಹತ್ರ ಏನಂದ?" ಅಂತ ಅಪ್ಪ ಕಾರಿಡಾರಿನಲ್ಲಿ ಹಿಡಿದು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧ ಇರಲಿ.

ಹೆಜ್ಜೆ 3: ಮನೆಯೊಳಗೆ ಕಾಲಿಡುವ ರೀತಿ

ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸಾಲ್ವಡಾರ್ ಮಿನುಚಿನ್, 1960ರ ದಶಕದಲ್ಲಿ ನ್ಯೂಯಾರ್ಕಿನ ಬಡ ಮನೆಗಳ ಹುಡುಗರ ಜೊತೆ ಕೆಲಸ ಮಾಡುತ್ತಾ ಕುಟುಂಬ ಚಿಕಿತ್ಸೆಗೆ ಹೊಸ ದಾರಿ ತೋರಿಸಿದವರು. ಥೆರಪಿಸ್ಟ್ ಮೊದಲು ಆ ಮನೆಯ ಲಯಕ್ಕೆ ಸೇರಿಕೊಳ್ಳಬೇಕು, ಬದಲಾವಣೆಯ ಮಾತು ಆಮೇಲೆ ಅನ್ನೋದು ಅವರ ಕೆಲಸದ ಅಡಿಪಾಯ. ನಮ್ಮಲ್ಲಿ ಈ ಸೇರಿಕೊಳ್ಳುವುದು ಮಾತಾಡಿಸುವ ರೀತಿಯಿಂದ ಶುರುವಾಗುತ್ತದೆ.

ಹಿರಿಯರನ್ನು ಮೊದಲು ಮಾತಾಡಿಸಿ. "ಎಷ್ಟು ಹೊತ್ತಿಗೆ ಹೊರಟ್ರಿ? ಬಸ್ಸಲ್ಲಿ ಸೀಟ್ ಸಿಕ್ತಾ?" ಇಷ್ಟು ಸಾಕು. ಆಮೇಲೆ ಎಲ್ಲರನ್ನೂ, ಮಕ್ಕಳನ್ನೂ, ಹೆಸರು ಕೇಳಿ ಮಾತಾಡಿಸಿ. ಒಂದು ತಪ್ಪನ್ನು ನಾನು ವರ್ಷಗಟ್ಟಲೆ ಮಾಡಿದ್ದೆ. ಗಂಡನಿಗೆ "ನೀವು" ಅಂದು, ಅದೇ ಉಸಿರಿನಲ್ಲಿ ಹೆಂಡತಿಗೆ "ನೀನು ಹೇಳಮ್ಮ" ಅನ್ನುತ್ತಿದ್ದೆ. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಹೆಣ್ಣುಮಗಳಿಗೆ ಮನೆಯಲ್ಲಿ ಯಾವ ಜಾಗವೋ ಇಲ್ಲೂ ಅದೇ ಜಾಗ ಅಂತ ನಾನೇ ತೀರ್ಪು ಕೊಟ್ಟ ಹಾಗಾಗುತ್ತಿತ್ತು. ಈಗ ದೊಡ್ಡವರೆಲ್ಲರಿಗೂ "ನೀವು". ಹದಿಹರೆಯದವರನ್ನು "ನಿನಗೆ ಏನಂತ ಕರೀಬೇಕು?" ಅಂತ ಅವರನ್ನೇ ಕೇಳುತ್ತೇನೆ.

ಇನ್ನೊಂದು ಪ್ರಶ್ನೆ: "ಮನೆಯಲ್ಲಿ ಜಗಳ ಯಾವ ಭಾಷೆಯಲ್ಲಿ ಆಗುತ್ತೆ?" ಹೊರಗೆ ಕನ್ನಡ, ಒಳಗೆ ತುಳು, ಕೊಂಕಣಿ, ತೆಲುಗು, ಉರ್ದು, ಲಂಬಾಣಿ ಆಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನೋವಿನ ಮಾತು ಬಂದಾಗ ಅವರ ಭಾಷೆಯಲ್ಲೇ ಆಡಲಿ. ನಿಮಗೆ ಅರ್ಥವಾಗದಿದ್ದರೆ ಆಮೇಲೆ ಕೇಳಿ ತಿಳಿದುಕೊಳ್ಳಿ. ಮುಖ ನೋಡಿದರೆ ಅರ್ಧ ಅರ್ಥವಾಗುತ್ತದೆ.

ಹೆಜ್ಜೆ 4: ಮೂರು ತಲೆಮಾರಿನ ನಕ್ಷೆ ಬರೆಯಿರಿ

ದೊಡ್ಡ ಹಾಳೆ ತೆಗೆದುಕೊಂಡು ಎಲ್ಲರ ಎದುರಿಗೇ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮದುವೆಗೆ ಗೆರೆ, ಸಂಬಂಧದಲ್ಲೇ ಆದ ಮದುವೆಗೆ ಜೋಡಿ ಗೆರೆ. ತೀರಿಕೊಂಡವರನ್ನೂ ಬರೆಯಬೇಕು. ಮಗು ಹೋಗಿದ್ದರೆ ಅದನ್ನೂ. ಎಷ್ಟೋ ಮನೆಗಳಲ್ಲಿ ಆ ಮಗುವಿನ ಹೆಸರು ಮೊದಲ ಸಲ ಎಲ್ಲರ ಮುಂದೆ ಬರುವುದು ಈ ಹಾಳೆಯ ಮೇಲೆ. ಆಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿರಿ.

ಜೋಡಿ ಗೆರೆ ನಮ್ಮ ಕಡೆ ಬಹಳ ಮುಖ್ಯ. ಸೋದರಮಾವನನ್ನೇ ಮದುವೆಯಾದ ಹೆಣ್ಣುಮಗಳಿಗೆ ಅತ್ತೆಯೇ ಅಜ್ಜಿ. ಗಂಡನ ಜೊತೆ ಜಗಳವಾಯಿತು ಅಂತ ತವರಿಗೆ ಹೋದರೆ, ಅಮ್ಮ ತನ್ನ ತಮ್ಮನ ಪರ ನಿಲ್ಲಬೇಕೋ ಮಗಳ ಪರ ನಿಲ್ಲಬೇಕೋ? ಪಾಠದ ಪುಸ್ತಕದಲ್ಲಿ ಅತ್ತೆ ಬೇರೆ, ತಾಯಿ ಬೇರೆ, ತವರು ಬೇರೆ. ಇಲ್ಲಿ ಎಲ್ಲ ಒಂದೇ ಗಂಟು. ಇಂಥ ಮನೆಯಲ್ಲಿ "ನಿಮ್ಮ ಅಭಿಪ್ರಾಯ ಗಟ್ಟಿಯಾಗಿ ಹೇಳಿ" ಅಂತ ಸಲಹೆ ಕೊಡುವ ಮುಂಚೆ, ಆ ಮಾತು ಎಷ್ಟು ಜನರಿಗೆ ತಾಗುತ್ತದೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿ.

ಹೆಜ್ಜೆ 5: ಮನೆ ಎಲ್ಲಿ ಸಿಕ್ಕಿಕೊಂಡಿದೆ?

ಇಲ್ಲಿ ನಿಧಾನ ಮಾಡಿ. ಎರಡು ಭೇಟಿ ಹಿಡಿದರೂ ಪರವಾಗಿಲ್ಲ. ಐದು ವಿಷಯ ನೋಡಬೇಕು:

- ಯಾರ ಮಾತು ನಡೆಯುತ್ತದೆ? ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಾರಾ?
- ಎಷ್ಟು ಹತ್ತಿರ ಇದ್ದಾರೆ? ಯಾರಿಗಾದರೂ ಉಸಿರು ಕಟ್ಟುತ್ತಿದೆಯಾ? ಯಾರಾದರೂ ಮನೆಯಲ್ಲಿದ್ದೂ ಇಲ್ಲದಂತಿದ್ದಾರಾ?
- ಮಾತು ನೇರವಾಗಿ ಹೋಗುತ್ತದಾ, ಸುತ್ತಿ ಬಳಸಿ ಹೋಗುತ್ತದಾ?
- ಹೊರೆ ಎಷ್ಟಿದೆ? ಕಾಯಿಲೆ, ಸಾಲ, ಕೋರ್ಟು, ಕೆಲಸ ಹೋಗಿರುವುದು.
- ಈ ಮನೆಯವರು ತಮ್ಮ ಬಗ್ಗೆ ಏನು ಕಥೆ ಹೇಳಿಕೊಳ್ಳುತ್ತಾರೆ? "ನಮ್ಮ ವಂಶಕ್ಕೇ ಹೀಗೆ" ಅಂತಾರಾ?

ಎರಡನೆಯದರ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಡೇವಿಡ್ ಓಲ್ಸನ್ ಮತ್ತು ಜೊತೆಗಾರರು 1979ರಲ್ಲಿ ಕುಟುಂಬಗಳನ್ನು ಆಪ್ತತೆ, ಹೊಂದಿಕೊಳ್ಳುವ ಶಕ್ತಿ ಎಂಬ ಎರಡು ಅಳತೆಯಲ್ಲಿ ನೋಡುವ ಮಾದರಿ ಕೊಟ್ಟರು. ಒಳ್ಳೆಯ ಮಾದರಿ, ನಾನೂ ಬಳಸುತ್ತೇನೆ. ಆದರೆ ಅಮ್ಮ ದಿನಕ್ಕೆ ಮೂರು ಸಲ ಮಗಳಿಗೆ ಫೋನ್ ಮಾಡುತ್ತಾರೆ, ಮೂವತ್ತರ ಮಗ ಸಂಬಳ ತಂದು ಅಪ್ಪನ ಕೈಗೆ ಕೊಡುತ್ತಾನೆ ಅಂದ ಕೂಡಲೇ "ಅತಿಯಾದ ಅಂಟು" ಅಂತ ಬರೆದುಬಿಡುವವರನ್ನು ನೋಡಿದ್ದೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಅದು ಸಹಜ ಬದುಕು. ಎಷ್ಟು ಹತ್ತಿರ ಅಂತ ಅಳೆಯುವುದರ ಜೊತೆಗೆ, ಅದರಿಂದ ಯಾರಿಗೆ ನೋವು ಅಂತಲೂ ಕೇಳಿ. ನೋವು ಇಲ್ಲದಿದ್ದರೆ ಮುಟ್ಟಬೇಡಿ.

ಹೆಜ್ಜೆ 6: ಮನೆಗೆ ತಕ್ಕ ದಾರಿ

*ಆಡಳಿತ ಹದ ತಪ್ಪಿದ ಮನೆ.* ನಾಲ್ಕು ಕುರ್ಚಿಯ ಆ ಮನೆಗೆ ಬರೋಣ. ಹುಡುಗ ಕಾಲೇಜಿಗೆ ಹೋಗುತ್ತಿರಲಿಲ್ಲ, ರಾತ್ರಿಯೆಲ್ಲ ಮೊಬೈಲು. ತಾಯಿ ಮೊಬೈಲು ಕಿತ್ತುಕೊಂಡರೆ ಅಜ್ಜ ವಾಪಸ್ ಕೊಡಿಸುತ್ತಿದ್ದರು. ಅಪ್ಪ ಇಬ್ಬರಿಗೂ ಏನೂ ಹೇಳುತ್ತಿರಲಿಲ್ಲ. ಇಲ್ಲಿ ಹುಡುಗನ ಮನಸ್ಸಿನೊಳಗೆ ಇಳಿಯುವುದಕ್ಕಿಂತ ಮೊದಲು ತಂದೆ ತಾಯಿಗೆ ತಮ್ಮ ಜಾಗ ಸಿಗಬೇಕು. ಮನೆಯಲ್ಲಿ ಯಾರ ಜಾಗ ಎಲ್ಲಿ ಅನ್ನುವುದನ್ನು ಸರಿಪಡಿಸುವ ಮಿನುಚಿನ್ ಅವರ ರಚನಾತ್ಮಕ ವಿಧಾನ ಇಂಥ ಮನೆಗೆ ಒಪ್ಪುತ್ತದೆ.

ಆದರೆ ಅಜ್ಜನನ್ನು ಪಕ್ಕಕ್ಕೆ ಸರಿಸಿ ಇದನ್ನು ಮಾಡಲು ಹೋದರೆ ಕುಟುಂಬ ಮತ್ತೆ ಬರುವುದಿಲ್ಲ. ನಾನು ಅಜ್ಜನಿಗೇ ಕೇಳಿದೆ: "ಯಜಮಾನ್ರೇ, ಇಷ್ಟು ವರ್ಷ ಮನೆ ನಡೆಸಿದ್ದೀರಿ. ನಿಮ್ಮ ಮಗ ಸೊಸೆಗೂ ನಡೆಸೋದು ಬರಬೇಕಲ್ವಾ? ಮೊಬೈಲ್ ವಿಷಯ ಒಂದು ವಾರ ಅವರಿಗೆ ಬಿಟ್ಟು ನೋಡೋಣ. ಹಾಗಂತ ನೀವೇ ಅವರಿಗೆ ಹೇಳಿ." ಅವರು ಸ್ವಲ್ಪ ಹೊತ್ತು ಹೆಗಲ ಮೇಲಿನ ಟವೆಲ್ ಮಡಚಿದರು, ಬಿಚ್ಚಿದರು. ಆಮೇಲೆ ಮಗನ ಕಡೆ ತಿರುಗಿ "ನೋಡ್ಕೊಳ್ರಪ್ಪ" ಅಂದರು. ಅಧಿಕಾರವನ್ನು ಅವರ ಕೈಯಿಂದ ಕಿತ್ತುಕೊಳ್ಳಲಿಲ್ಲ, ಅವರೇ ಕೊಟ್ಟರು. ಈ ವ್ಯತ್ಯಾಸದ ಮೇಲೆ ಇಡೀ ಕೆಲಸ ನಿಂತಿದೆ.

ಆಮೇಲೆ ಅಜ್ಜನನ್ನು ನನ್ನ ಪಕ್ಕ ಕೂರಿಸಿಕೊಂಡೆ. ಅವರ ಕುರ್ಚಿಗೆ ತಾಯಿಯನ್ನು ಕರೆದೆ. ಗಂಡ ಹೆಂಡತಿ ಎದುರು ಬದುರು ಕೂತು, ರಾತ್ರಿ ಎಷ್ಟು ಗಂಟೆಗೆ ಮೊಬೈಲು ತೆಗೆದಿಡಬೇಕು ಅಂತ ಅಲ್ಲೇ ಮಾತಾಡಿ ತೀರ್ಮಾನ ಮಾಡಬೇಕು. ಮಧ್ಯೆ ಯಾರು ಬಾಯಿ ಹಾಕಿದರೂ, ನಾನೂ ಸೇರಿ, ಕೈ ತೋರಿಸಿ ತಡೆಯುವುದು ಅಜ್ಜನ ಕೆಲಸ. ಹತ್ತು ಗಂಟೆ ಅಂತ ತೀರ್ಮಾನವಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದ್ದು ಬಹಳ ದಿನಗಳ ಮೇಲೆ ಅಂತ ಆಮೇಲೆ ಗೊತ್ತಾಯಿತು. ಹುಡುಗ ಇದನ್ನೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದ. ಅವನ ನಿದ್ದೆ, ಮನಸ್ಸು, ಕಾಲೇಜಿನ ಭಯ, ಇವುಗಳ ಬಗ್ಗೆ ಅವನ ಜೊತೆ ಬೇರೆಯಾಗಿಯೇ ಮಾತು ಮುಂದುವರಿಯಿತು.

*ಕಾಯಿಲೆ ಬಂದ ಮನೆ.* ಸ್ಕಿಜೋಫ್ರೇನಿಯಾ, ಬೈಪೋಲಾರ್ ಇರುವವರ ಮನೆಯಲ್ಲಿ ಅಧಿಕಾರ, ಹಳೆಯ ಗಾಯ ಇವನ್ನೆಲ್ಲ ಕೆದಕುತ್ತಾ ಕೂರಬೇಡಿ. ಮನೆಯವರಲ್ಲಿ ತಪ್ಪು ಹುಡುಕಿದರೆ ಮೊದಲೇ ಸೋತವರು ಇನ್ನೂ ಕುಸಿಯುತ್ತಾರೆ. ಇವರಿಗೆ ಬೇಕಾದ್ದು ಮಾಹಿತಿ ಮತ್ತು ಜೊತೆ. ಈ ವಿಷಯದಲ್ಲಿ ನಮ್ಮ ದೇಶಕ್ಕೆ ಹೆಮ್ಮೆಯ ಚರಿತ್ರೆ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆ ಅಂಗಳದಲ್ಲೇ ಟೆಂಟ್ ಹಾಕಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕುಟುಂಬ ಮನೋವೈದ್ಯ ಕೇಂದ್ರ ಇದೆ.

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಶುರು ಮಾಡಿದ ಸಂಶೋಧನೆ ಒಂದು ಮುಖ್ಯ ವಿಷಯ ಹೇಳಿತು. ಟೀಕೆ, ದ್ವೇಷ, ಅತಿಯಾದ ಕಾಳಜಿ ಜಾಸ್ತಿ ಇರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮತ್ತೆ ಮರುಕಳಿಸುವುದು ಜಾಸ್ತಿ. ಅಂಥ ಮನೆಯವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿ ಇದ್ದರೆ ಅಪಾಯ ಇನ್ನೂ ಜಾಸ್ತಿ ಅಂತ 1976ರಲ್ಲಿ ವಾನ್ ಮತ್ತು ಲೆಫ್ ಎಂಬ ಸಂಶೋಧಕರು ತೋರಿಸಿದರು. ಇದೇ ಅಳತೆಯಲ್ಲಿ ಚಂಡೀಗಢದ ಮನೆಗಳನ್ನು ನೋಡಿದಾಗ ಅಷ್ಟು ಟೀಕೆ ಇರುವ ಮನೆಗಳು ಲಂಡನ್ನಿಗಿಂತ ಕಡಿಮೆ ಸಿಕ್ಕವು.

ಕೋಣೆಯಲ್ಲಿ ಇದು ಹೀಗೆ ಕೆಲಸಕ್ಕೆ ಬರುತ್ತದೆ. "ಬೇಕಂತಲೇ ಸ್ನಾನ ಮಾಡಲ್ಲ, ಸೋಮಾರಿ" ಅಂತ ಅಪ್ಪ ಅನ್ನುತ್ತಾರೆ. ಆಗ ಹೇಳಿ: ಕಿವಿಯಲ್ಲಿ ಮಾತು ಕೇಳಿಸುವುದು ಹೇಗೆ ಕಾಯಿಲೆಯೋ, ಏಳಲು ಮನಸ್ಸೇ ಬರದಿರುವುದೂ ಹಾಗೇ ಕಾಯಿಲೆ. ಒಬ್ಬ ತಂದೆ ಇದನ್ನು ಕೇಳಿ ಮಾತು ನಿಲ್ಲಿಸಿಬಿಟ್ಟರು. "ಆರು ವರ್ಷದಿಂದ ಬೈತಾ ಇದ್ದೀನಲ್ಲ ಸ್ವಾಮಿ" ಅಂದರು. ಅವರಿಗೆ ಆಗ ಬೇಕಾಗಿದ್ದು ಸಮಾಧಾನ, ಉಪದೇಶ ಅಲ್ಲ. ಮುಂದಿನ ಕೆಲಸ ಸಣ್ಣದು. ಮಾತ್ರೆ ಯಾರು ಕೊಡುತ್ತಾರೆ, ಕಾಯಿಲೆ ಮರುಕಳಿಸುವ ಮುಂಚೆ ಕಾಣುವ ಗುರುತುಗಳೇನು, ದಿನಕ್ಕೆ ಎರಡು ಗಂಟೆ ತಾಯಿ ಮನೆಯಿಂದ ಹೊರಗೆ ಎಲ್ಲಿಗೆ ಹೋಗಬಹುದು. ಆ 35 ಗಂಟೆ ಕಡಿಮೆಯಾಗುವುದು ಇಂಥ ಏರ್ಪಾಡುಗಳಿಂದಲೇ. ದೇವಸ್ಥಾನ, ಸ್ತ್ರೀಶಕ್ತಿ ಸಂಘದ ಸಭೆ, ತಂಗಿಯ ಮನೆ, ಯಾವುದಾದರೂ ಆದೀತು. ಹರಕೆ, ತಾಯತ ಅಂದರೆ ತಡೆಯಬೇಡಿ. ಮಾತ್ರೆ ನಿಲ್ಲಬಾರದು ಅನ್ನುವುದೊಂದನ್ನು ಗಟ್ಟಿಯಾಗಿ ಹೇಳಿ.

*ಮಾತು ಸುತ್ತಿ ಬಳಸಿ ಹೋಗುವ ಮನೆ.* "ನಿಮ್ಮಪ್ಪನಿಗೆ ಹೇಳು, ಊಟ ಆಗಿದೆ ಅಂತ." ಅಪ್ಪ ಮೂರು ಅಡಿ ದೂರದಲ್ಲೇ ಕೂತಿರುತ್ತಾರೆ. ಇಬ್ಬರ ನಡುವಿನ ಬಿಸಿ ತಡೆಯಲಾಗದೆ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ತ್ರಿಕೋನ ಅಂದರು. ಈ ಮೂರನೆಯವರು ಹೆಚ್ಚಾಗಿ ಮಗು. ಮಗುವಿಗೆ ಹೊಟ್ಟೆನೋವು, ತಲೆನೋವು. ಎಲ್ಲ ಪರೀಕ್ಷೆಯೂ ನಾರ್ಮಲ್.

ಇಂಥವರಿಗೆ "ನಿಮ್ಮ ಭಾವನೆ ಹೇಳಿ" ಅಂದರೆ ಬಾಯಿ ಕಟ್ಟುತ್ತದೆ. ಇಟಲಿಯ ಮಿಲಾನ್ ತಂಡದವರು ಕೊಟ್ಟ ವೃತ್ತಾಕಾರದ ಪ್ರಶ್ನೆಗಳು ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿವೆ. ಇಬ್ಬರ ನಡುವೆ ಏನು ನಡೆಯುತ್ತದೆ ಅಂತ ಮೂರನೆಯವರನ್ನು ಕೇಳುವುದು. ಅಕ್ಕನಿಗೆ: "ಅಪ್ಪ ಅರ್ಧ ಊಟದಲ್ಲಿ ಎದ್ದು ಹೋದರೆ ಅಮ್ಮ ಏನು ಮಾಡ್ತಾರೆ? ಆಗ ತಮ್ಮ ಎಲ್ಲಿರ್ತಾನೆ? ಅವನ ಹೊಟ್ಟೆನೋವು ಶುರುವಾಗೋದು ಅದಕ್ಕಿಂತ ಮೊದಲೋ ಆಮೇಲೋ?" ಯಾರ ಮೇಲೂ ತಪ್ಪು ಹೊರಿಸದೆ ಇಡೀ ಸರಪಳಿ ಕಣ್ಣ ಮುಂದೆ ಬರುತ್ತದೆ. ಆದರೆ ಚಿಕ್ಕ ಮಗುವನ್ನು ಸಾಕ್ಷಿ ಮಾಡಬೇಡಿ. ಉತ್ತರ ಕೊಡುವ ಮುಂಚೆ ಅಮ್ಮನ ಮುಖ ನೋಡುವ ಮಗುವಿಗೆ ಕಾಗದ, ಬಣ್ಣ ಕೊಟ್ಟು ಬಿಟ್ಟುಬಿಡಿ. ತ್ರಿಕೋನದಿಂದ ಅದನ್ನು ಹೊರಗೆ ತರಲು ಅದೇ ಮೊದಲ ಹೆಜ್ಜೆ.

*ಮಗುವೇ ಸಮಸ್ಯೆ ಅಂತ ತೀರ್ಮಾನಿಸಿರುವ ಮನೆ.* ಆಸ್ಟ್ರೇಲಿಯಾದ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ರೂಪಿಸಿದ ಕಥನ ವಿಧಾನದಲ್ಲಿ ಸಮಸ್ಯೆಗೆ ಹೆಸರಿಟ್ಟು ಅದನ್ನು ಮನುಷ್ಯನಿಂದ ಬೇರೆ ಮಾಡುತ್ತಾರೆ. ಸಿಟ್ಟಿಗೆ ತಟ್ಟೆ ಎಸೆಯುತ್ತಿದ್ದ ಒಂಬತ್ತು ವರ್ಷದ ಹುಡುಗ ತನ್ನ ಸಿಟ್ಟಿಗೆ "ಗೂಳಿ" ಅಂತ ಹೆಸರಿಟ್ಟ. ಗೂಳಿ ಯಾವಾಗ ಬರುತ್ತೆ? ಮೊದಲು ಎಲ್ಲಿ ಗುದ್ದುತ್ತೆ? ಅದನ್ನು ಕಟ್ಟಿಹಾಕಿದ ದಿನ ಯಾವುದಾದರೂ ಇದೆಯಾ? ಅಜ್ಜನಿಗೆ ದನ ಕಟ್ಟಿ ಗೊತ್ತಿತ್ತು. ಮೂಗುದಾರ ಹೇಗೆ ಹಾಕುತ್ತಾರೆ ಅಂತ ಅವರು ವಿವರಿಸಲು ಕೂತರು. ಅಲ್ಲಿಯವರೆಗೆ ಆ ಹುಡುಗನ ಬಗ್ಗೆ ದೂರು ಬಿಟ್ಟು ಬೇರೆ ಮಾತೇ ಆ ಕೋಣೆಯಲ್ಲಿ ಬಂದಿರಲಿಲ್ಲ. ಒಂದು ಮಾತು ನೆನಪಿರಲಿ, ಹೊಡೆಯುವ ದೊಡ್ಡವರಿಗೆ ಈ ವಿಧಾನ ಬೇಡ. "ಗೂಳಿ ಹೊಡೀತು, ನಾನಲ್ಲ" ಅನ್ನಲು ಅವಕಾಶ ಆಗಬಾರದು.

*ಹೊರೆಯಲ್ಲಿ ಮುಳುಗಿದ, ಒಂದೇ ಸಲ ಬರಬಲ್ಲ ಮನೆ.* ದಿನಗೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದವರಿಗೆ ಹನ್ನೆರಡು ಸೆಷನ್ನಿನ ಯೋಜನೆ ಹೇಳಬೇಡಿ. ಮತ್ತೆ ಬರುತ್ತಾರೆ ಅನ್ನುವ ಭರವಸೆಯಲ್ಲಿ ಅರ್ಧಕ್ಕೆ ನಿಲ್ಲಿಸಲೂಬೇಡಿ. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿ ಬೆಳೆಸಿದ ಪರಿಹಾರ ಕೇಂದ್ರಿತ ವಿಧಾನ ಇಲ್ಲಿ ಸಹಾಯಕ್ಕೆ ಬರುತ್ತದೆ. ಸಮಸ್ಯೆ ಇಲ್ಲದ ಗಳಿಗೆಗಳನ್ನು ಹುಡುಕಿ ಅದನ್ನೇ ದೊಡ್ಡದು ಮಾಡುವುದು.

ರಾತ್ರಿ ಮಲಗಿದ್ದಾಗ ಪವಾಡ ನಡೆದು ಸಮಸ್ಯೆ ಹೋಗಿಬಿಟ್ಟರೆ ಬೆಳಗ್ಗೆ ಏನು ಬದಲಾಗಿರುತ್ತದೆ ಅನ್ನುವ ಅವರ ಪವಾಡದ ಪ್ರಶ್ನೆಯನ್ನು ಹಾಗೇ ಕೇಳಿದರೆ "ದೇವರು ದೊಡ್ಡೋನು" ಅಂತ ಉತ್ತರ ಬಂದು ಮಾತು ನಿಂತುಹೋಗುತ್ತದೆ. ನಾನು ಹೀಗೆ ಕೇಳುತ್ತೇನೆ: "ನಾಳೆ ಬೆಳಗ್ಗೆ ಮನೆ ಒಂಚೂರು ಸರಿಹೋಗಿದೆ ಅಂದ್ಕೊಳ್ಳಿ. ಮೊದಲು ಯಾವುದರಿಂದ ಗೊತ್ತಾಗುತ್ತೆ?" ಒಬ್ಬರು "ಅವರು ಟೀ ಕುಡಿದ ಲೋಟ ತಾವೇ ಒಳಗೆ ತಂದಿಡ್ತಾರೆ" ಅಂದರು. ಆ ಲೋಟದಿಂದಲೇ ಶುರು ಮಾಡಿದೆವು. ಹತ್ತಕ್ಕೆ ಎಷ್ಟು ಅಂತ ಅಂಕ ಕೇಳಿದರೆ ಶಾಲೆ ಕಲಿತವರಿಗೆ ಸುಲಭ. ಹಳ್ಳಿಯ ಹಿರಿಯರಿಗೆ "ರೂಪಾಯಿಗೆ ಎಷ್ಟಾಣೆ ಸರಿಯಾಗಿದೆ?" ಅಂತ ಕೇಳಿ ನೋಡಿ. "ನಾಲ್ಕಾಣೆ" ಅಂತ ಥಟ್ಟನೆ ಬರುತ್ತದೆ. ಐದಾಣೆ ಆಗೋಕೆ ಏನಾಗಬೇಕು? ಇದೇ ಅವರು ಮನೆಗೆ ಒಯ್ಯುವ ಕೆಲಸ. ಜೊತೆಗೆ ರೇಷನ್ ಕಾರ್ಡು, ಅಂಗವಿಕಲ ಪಿಂಚಣಿ, ಉಚಿತ ಮಾತ್ರೆ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಬರೆದುಕೊಡಿ. ಅದು ಥೆರಪಿಯ ಕೆಲಸ ಅಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

*ಚೆನ್ನಾಗಿ ಮಾತಾಡುವ ಮನೆ.* ಇಬ್ಬರೂ ಓದಿದವರು, ಅಂತರ್ಜಾಲದಲ್ಲಿ ಎಲ್ಲ ನೋಡಿಕೊಂಡು ಬಂದವರು. ವಿವರಣೆ ಜಾಸ್ತಿ, ಕಣ್ಣಲ್ಲಿ ನೀರಿಲ್ಲ. ಇವರಿಗೆ ಇನ್ನಷ್ಟು ವಿವರಣೆ ಕೊಡಬೇಡಿ. ಒತ್ತಡದಲ್ಲಿ ಜನ ಹೇಗೆ ಓಲೈಸುತ್ತಾರೆ, ಬೈಯುತ್ತಾರೆ, ಲೆಕ್ಕ ಹೇಳುತ್ತಾರೆ, ಮಾತು ಹಾರಿಸುತ್ತಾರೆ ಅಂತ ಅಮೆರಿಕದ ಕುಟುಂಬ ಥೆರಪಿಸ್ಟ್ ವರ್ಜಿನಿಯಾ ಸಟೀರ್ ಗುರುತಿಸಿದ್ದರು. ಆ ಭಂಗಿಗಳಲ್ಲಿ ಅವರನ್ನು ನಿಲ್ಲಿಸಿ ತೋರಿಸುವುದು ಗಂಟೆಗಟ್ಟಲೆ ಮಾತಿಗಿಂತ ಬೇಗ ತಾಗುತ್ತದೆ. ಸೊಸೆ ಮಾವನ ಮುಂದೆ ತಲೆ ಎತ್ತದ ಮನೆಯಲ್ಲಿ ಮಾತ್ರ ಇದನ್ನು ಮಾಡಿಸಬೇಡಿ. ಅಲ್ಲಿ ಅದು ಅವಮಾನ.

*ಕುಡಿತ ಇರುವ ಮನೆ.* ಕುಡಿದು ಬಂದರೆ ಆ ದಿನ ಜಂಟಿ ಸೆಷನ್ ಇಲ್ಲ, ಇದನ್ನು ಮೊದಲೇ ಹೇಳಿ. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಹಾಗಾಗಿ ವೈದ್ಯರು ಮೊದಲು, ಕೌನ್ಸೆಲಿಂಗ್ ಆಮೇಲೆ. ಕುಡಿಯುವವರು ಬರಲು ಒಪ್ಪದಿದ್ದರೆ ಹೆಂಡತಿ ಮಕ್ಕಳ ಜೊತೆಯೇ ಕೆಲಸ ಶುರು ಮಾಡಬಹುದು.

*ಅರ್ಧ ಇಲ್ಲಿ, ಅರ್ಧ ಅಲ್ಲಿ ಇರುವ ಮನೆ.* ಅಪ್ಪ ಅಮ್ಮ ಮೈಸೂರಿನಲ್ಲಿ, ಮಗ ಸೊಸೆ ಡಲ್ಲಾಸಿನಲ್ಲಿ. ವಿಡಿಯೊ ಕರೆಯಲ್ಲಿ ಎಲ್ಲರನ್ನೂ ಒಂದೇ ಪರದೆಗೆ ತುರುಕಬೇಡಿ. ಎರಡು ಮನೆಗೆ ಎರಡು ಫೋನ್ ಇರಲಿ. ಯಾರೂ ಕ್ಯಾಮೆರಾದ ಆಚೆ ಕೂತು ಕೇಳುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹೆಜ್ಜೆ 7: ನಿಮ್ಮ ಮನೆಯನ್ನೂ ಒಂದು ಸಲ ನೋಡಿಕೊಳ್ಳಿ

ನಾಲ್ಕನೇ ಹೆಜ್ಜೆಯ ನಕ್ಷೆಯನ್ನು ನಿಮ್ಮ ಕುಟುಂಬಕ್ಕೂ ಬರೆಯಿರಿ. ಇದನ್ನು ಯಾರೂ ತಪ್ಪಿಸಿಕೊಳ್ಳಬಾರದು. ನನ್ನದನ್ನು ಬರೆದಾಗ ಒಂದು ವಿಷಯ ಕಂಡಿತು. ಮನೆಯಲ್ಲಿ ಜಗಳ ಬಿಡಿಸುತ್ತಿದ್ದವನು ನಾನೇ. ಅದಕ್ಕೇ ಸೆಷನ್ನಿನಲ್ಲಿ ದನಿ ಏರಿದ ಕೂಡಲೇ ನಡುವೆ ಬಾಯಿ ಹಾಕುತ್ತಿದ್ದೆ. ಅವರ ಜಗಳ ಮುಗಿಯಲು ಬಿಡುತ್ತಲೇ ಇರಲಿಲ್ಲ. ಸೊಸೆಯಂದಿರನ್ನು ಕಂಡರೆ ಕರಗುವವರು, ಹಿರಿಯರ ಮುಂದೆ ಬಾಯಿ ಬರದವರು, ಅಪ್ಪಂದಿರ ಮೇಲೆ ಸಿಟ್ಟು ಇರುವವರು, ಎಲ್ಲರೂ ನಮ್ಮಲ್ಲಿದ್ದಾರೆ. ಇದನ್ನು ಹಿರಿಯ ಸಹೋದ್ಯೋಗಿಯ ಮುಂದೆ ಹೇಳಿಕೊಳ್ಳಿ. ತಿಂಗಳಿಗೊಮ್ಮೆಯಾದರೂ ಒಂದು ಕೇಸನ್ನು ಅವರ ಮುಂದೆ ಇಡಿ.

ಹೆಜ್ಜೆ 8: ಒಗ್ಗುತ್ತಿಲ್ಲ ಅಂದರೆ ಬದಲಿಸಿ

ಕೊಟ್ಟ ಮನೆಕೆಲಸ ಎರಡು ಸಲ ಆಗಿರುವುದಿಲ್ಲ. ಬರುತ್ತಿದ್ದ ಒಬ್ಬರು ಬರುವುದು ನಿಲ್ಲಿಸುತ್ತಾರೆ. ಎಲ್ಲರೂ "ಸರಿ ಸರಿ" ಅನ್ನುತ್ತಾರೆ, ಏನೂ ಬದಲಾಗುವುದಿಲ್ಲ. ಸೆಷನ್ ಮುಗಿದಾಗ ಅವರಿಗಿಂತ ನಿಮಗೇ ಸುಸ್ತು. ಇವುಗಳಲ್ಲಿ ಎರಡು ಕಂಡರೂ ಮನೆಯವರು ಸಹಕರಿಸುತ್ತಿಲ್ಲ ಅಂತ ಫೈಲಿನಲ್ಲಿ ಬರೆಯಬೇಡಿ. "ನಾನು ಮಾಡ್ತಿರೋದು ನಿಮ್ಮ ಮನೆಗೆ ಹೊಂದ್ತಾ ಇಲ್ಲ ಅನ್ಸುತ್ತೆ. ನಿಮಗೆ ಏನನ್ಸುತ್ತೆ?" ಅಂತ ಅವರನ್ನೇ ಕೇಳಿ. ಐದನೇ ಹೆಜ್ಜೆಗೆ ಮರಳಿ ಮತ್ತೆ ಓದಿ. ಹೊರೆ ಇಳಿಯದೆ ಮಾತು ಸರಿಹೋಗದು, ಕಾಯಿಲೆ ಹದಕ್ಕೆ ಬಾರದೆ ಆಡಳಿತ ಸರಿಹೋಗದು. ಎಷ್ಟೋ ಸಲ ನಾವು ಆರಿಸಿದ ದಾರಿ ಸರಿಯೇ ಇರುತ್ತದೆ, ಹಿಡಿದ ಸಮಯ ತಪ್ಪಿರುತ್ತದೆ.

ಹೆಜ್ಜೆ 9: ಅಂತರ, ಮತ್ತು ಕೊನೆಯ ಭೇಟಿ

ಒಂದು ಸೆಷನ್ನಿಗೆ ಒಂದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಬರಲಾಗದವರು ತಿಂಗಳಿಗೊಮ್ಮೆ ಬರಲಿ, ಅದಕ್ಕೆ ಬೇಸರ ಬೇಡ. ಮಿಲಾನ್ ತಂಡದವರು ತಿಂಗಳಿಗೊಂದರಂತೆ ಸುಮಾರು ಹತ್ತು ಸೆಷನ್ ಮಾಡುತ್ತಿದ್ದರು. ದೂರದ ಊರುಗಳಿಂದ ಬರುತ್ತಿದ್ದ ಕುಟುಂಬಗಳಿಗೆ ಆ ಅಂತರ ಒಳ್ಳೆಯದನ್ನೇ ಮಾಡಿದ್ದನ್ನು ಅವರು ಕಂಡರು. ರಾಯಚೂರಿನಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬರುವವರ ವಿಷಯದಲ್ಲಿ ನಾನೂ ಅದನ್ನೇ ಕಂಡಿದ್ದೇನೆ. ಆ ನಾಲ್ಕು ವಾರದಲ್ಲಿ ಕೆಲಸ ಮಾಡುವವರು ಅವರೇ.

ಮುಗಿಸುವಾಗ ಮೂರು ತಿಂಗಳ ಮುಂದಿನ ಒಂದು ದಿನಾಂಕ ಬರೆದುಕೊಡಿ. ಆ ದಿನ ಕಾಯಿಲೆಯವರನ್ನೋ ಫೋನ್ ಮಾಡಿದವರನ್ನೋ ಮೊದಲು ಕೇಳಬೇಡಿ, ಅಷ್ಟು ದಿನ ಕಡಿಮೆ ಮಾತಾಡಿದವರನ್ನು ಕೇಳಿ. ನಾಲ್ಕು ಕುರ್ಚಿಯ ಮನೆಯವರು ಮತ್ತೆ ಬಂದಾಗ ನಾನು ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯನ್ನು ಕೇಳಿದೆ, ಮನೆ ಹೇಗಿದೆ ಅಂತ. ಅವರು ಸ್ವಲ್ಪ ಯೋಚಿಸಿ, "ಹತ್ತು ಗಂಟೆಗೆ ಮೊಬೈಲು ನನ್ನ ದಿಂಬಿನ ಕೆಳಗೆ ಬಂದು ಬೀಳ್ತದೆ, ಅವನೇ ತಂದಿಡ್ತಾನೆ. ಒಂದೊಂದು ದಿನ ಹನ್ನೊಂದಾಗ್ತದೆ" ಅಂದರು.